ವಿದೇಶಿ ಭಾಷೆ ಕಲಿಯಿರಿ, ನಿದ್ದೆ ಕೆಡಬೇಡಿ

ಇಪ್ಪತ್ತರಿಂದ ಮೂವತ್ತು ವರ್ಷದವರು ತಲೆನೋವು, ಕಣ್ಣುರಿ, ಬೆಳಿಗ್ಗೆ ಏಳಲಾಗದಂಥ ಆಯಾಸ ಎಂದು ಬಂದಾಗ ವೈದ್ಯರು ಮೊದಲು ಕೇಳುವುದು ನಿದ್ದೆಯ ಬಗ್ಗೆ. ಹಿಂದೆ ಇದಕ್ಕೆ ಪರೀಕ್ಷೆ, ರಾತ್ರಿಪಾಳಿ ಅಥವಾ ಕ್ರಿಕೆಟ್ ಎಂಬ ಉತ್ತರ ಬರುತ್ತಿತ್ತು. ಈಗ ಕೆಲವು ವರ್ಷಗಳಿಂದ ಇನ್ನೊಂದು ಉತ್ತರವೂ ಸೇರಿಕೊಂಡಿದೆ. "ಜರ್ಮನ್ ಕಲೀತಾ ಇದೀನಿ ಡಾಕ್ಟ್ರೇ. ಅಲ್ಲಿಯ ಪಾರ್ಟ್ನರ್ ಮಾತಿಗೆ ಸಿಗೋದೇ ರಾತ್ರಿ ಹನ್ನೆರಡಕ್ಕೆ."

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಮನೆಗಳಲ್ಲಿ ಇದೀಗ ಅಪರೂಪದ ಸಂಗತಿಯೇನಲ್ಲ. ನರ್ಸಿಂಗ್ ಮುಗಿಸಿ ಜರ್ಮನಿಯ ಆಸ್ಪತ್ರೆ ಸೇರಬಯಸುವ ಹುಡುಗಿ, ಎಂಎಸ್ ಓದಲು ಹೊರಟ ಎಂಜಿನಿಯರ್, ಜಪಾನಿನ ಗಿರಾಕಿಗಳ ಜೊತೆ ವ್ಯವಹರಿಸಬೇಕಾದ ಕಂಪ್ಯೂಟರ್ ಕಂಪನಿಯ ನೌಕರ, ಹೀಗೆ ಕಲಿಯುವವರು ಹಲವರು. ಕೆಂಗೇರಿಯಿಂದ ಮೆಟ್ರೊ ಹತ್ತಿ ಇಂದಿರಾನಗರದ ಮ್ಯಾಕ್ಸ್‌ಮುಲ್ಲರ್ ಭವನಕ್ಕೆ ತರಗತಿಗೆ ಹೋಗಿಬರುವವರಿದ್ದಾರೆ. ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ಫ್ರೆಂಚ್ ಕಲಿಯುವವರಿದ್ದಾರೆ. ತರಗತಿಯಲ್ಲಿ ವ್ಯಾಕರಣ ಸಿಗುತ್ತದೆ, ಮಾತನಾಡುವ ಅಭ್ಯಾಸ ಸಾಲುವುದಿಲ್ಲ. ಆದ್ದರಿಂದ ಆ ದೇಶದ ಒಬ್ಬರನ್ನು ಜೊತೆಗಾರರನ್ನಾಗಿ ಮಾಡಿಕೊಂಡು, ಅರ್ಧ ಗಂಟೆ ಅವರ ಭಾಷೆ, ಅರ್ಧ ಗಂಟೆ ನಮ್ಮ ಭಾಷೆ ಎಂದು ಫೋನಿನಲ್ಲಿ ಮುಖ ನೋಡಿಕೊಂಡು ಮಾತನಾಡುತ್ತಾರೆ.

ಇದು ಒಳ್ಳೆಯ ಪದ್ಧತಿ. ವೈದ್ಯನಾಗಿ ನಾನು ಇದನ್ನು ಬೇಡವೆನ್ನುವುದಿಲ್ಲ, ಮಾಡಿರೆಂದೇ ಹೇಳುತ್ತೇನೆ. ಆದರೆ ಕಲಿತದ್ದು ತಲೆಯಲ್ಲಿ ನಿಲ್ಲಬೇಕಾದರೆ ಯಾವುದು ಅಗತ್ಯವೋ ಅದನ್ನೇ, ಅಂದರೆ ನಿದ್ದೆಯನ್ನೇ, ಈ ಕಲಿಕೆಗಾಗಿ ಕಳೆದುಕೊಳ್ಳುವವರು ಹೆಚ್ಚಾಗಿದ್ದಾರೆ. ಅದಕ್ಕಾಗಿ ಈ ವಾರ ಈ ವಿಷಯ.

ಹಳೆಯ ಪದ್ಧತಿ, ಹೊಸ ಸಾಧನ

ಕೊಟ್ಟು ಪಡೆಯುವ ಈ ಕಲಿಕೆ ಹೊಸದೇನೂ ಅಲ್ಲ. ಜರ್ಮನಿಯಲ್ಲಿ 1832ರಲ್ಲಿ ಹುಟ್ಟಿದ ಫರ್ಡಿನೆಂಡ್ ಕಿಟೆಲ್ 1853ರಲ್ಲಿ ನಮ್ಮ ನಾಡಿಗೆ ಬಂದು, ಇಲ್ಲಿನ ಪಂಡಿತರೊಡನೆ ಕೂತು ಕನ್ನಡ ಕಲಿತರು. ಅವರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾದದ್ದು 1894ರಲ್ಲಿ. ನಡುವೆ ನಲವತ್ತು ವರ್ಷಗಳು ಕಳೆದಿದ್ದವು ಎಂಬುದನ್ನು ಮೂರು ತಿಂಗಳಲ್ಲಿ ಭಾಷೆ ಬರಲಿಲ್ಲವೆಂದು ಕೊರಗುವವರು ಗಮನಿಸಬೇಕು. ನಮ್ಮ ಕಾಲಕ್ಕೇ ಬಂದರೆ, ಬಿ.ಎ. ವಿವೇಕ ರೈ ಅವರು ಜರ್ಮನಿಯ ವ್ಯೂರ್ತ್ಸ್‌ಬುರ್ಗ್ ವಿಶ್ವವಿದ್ಯಾಲಯಕ್ಕೆ ಅತಿಥಿ ಪ್ರಾಧ್ಯಾಪಕರಾಗಿ ಹೋಗಿ ಅಲ್ಲಿನವರಿಗೆ ಕನ್ನಡ ಕಲಿಸಿದರು.

ಇಬ್ಬರು ಒಬ್ಬರಿಗೊಬ್ಬರು ಗುರುವಾಗುವ ಪದ್ಧತಿಗೆ ಯೂರೋಪಿನಲ್ಲಿ 'ಟ್ಯಾಂಡೆಮ್' ಎಂಬ ಹೆಸರಿದೆ. ಇಬ್ಬರು ಕೂತು ಇಬ್ಬರೂ ತುಳಿಯುವ ಸೈಕಲ್ಲಿಗೂ ಅದೇ ಹೆಸರು. ಎರಡನೇ ಮಹಾಯುದ್ಧದಲ್ಲಿ ಪರಸ್ಪರ ಶತ್ರುಗಳಾಗಿದ್ದ ಫ್ರಾನ್ಸ್ ಮತ್ತು ಜರ್ಮನಿ 1963ರಲ್ಲಿ ಸ್ನೇಹದ ಒಪ್ಪಂದ ಮಾಡಿಕೊಂಡ ಮೇಲೆ ಎರಡೂ ಕಡೆಯ ಯುವಜನರನ್ನು ಜೋಡಿ ಮಾಡಿ ಕೂರಿಸುವ ಶಿಬಿರಗಳು ನಡೆದವು. ಆ ಪದ್ಧತಿ ಬೆಳೆದದ್ದು ಅಲ್ಲಿ. ನಮ್ಮಲ್ಲಿ ಏರೋಗ್ರಾಂ ಬರೆದು ತಿಂಗಳುಗಟ್ಟಲೆ ಅಂಚೆಯವನ ದಾರಿ ಕಾಯುತ್ತಿದ್ದ ಪತ್ರಮಿತ್ರರ ಕಾಲವನ್ನು ಐವತ್ತು ದಾಟಿದ ಓದುಗರು ಮರೆತಿರಲಾರರು. ಆ ಹವ್ಯಾಸದಿಂದ ನಿದ್ದೆ ಕೆಟ್ಟವರಿರಲಿಲ್ಲ. ಪತ್ರಕ್ಕೆ ವೇಳೆಯ ವ್ಯತ್ಯಾಸವಿಲ್ಲ.

ಎದುರಿಗೊಬ್ಬರು ಏಕೆ ಬೇಕು?

ಕ್ಯಾಸೆಟ್ಟು, ಟಿ.ವಿ., ಮೊಬೈಲಿನ ಪಾಠಗಳು ಇರುವಾಗ ಜೊತೆಗಾರನ ಅಗತ್ಯವೇನು ಎಂದು ಕೆಲವು ತಂದೆತಾಯಿಯರು ಕೇಳುತ್ತಾರೆ. ಇದಕ್ಕೆ ಒಳ್ಳೆಯ ಉತ್ತರ ಕೊಟ್ಟಿರುವುದು ಹಸುಗೂಸುಗಳು.

ಹುಟ್ಟಿದ ಮೊದಲ ತಿಂಗಳುಗಳಲ್ಲಿ ಮಗು ಲೋಕದ ಯಾವ ಭಾಷೆಯ ಧ್ವನಿಗಳನ್ನಾದರೂ ಬೇರೆಬೇರೆಯಾಗಿ ಗುರುತಿಸಬಲ್ಲದು. 1984ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನದಲ್ಲಿ ಕೆನಡಾದ ಇಂಗ್ಲಿಷ್ ಮನೆಗಳ ಮಕ್ಕಳಿಗೆ ಹಿಂದಿಯ 'ಟ' ಮತ್ತು 'ತ' ಕೇಳಿಸಲಾಯಿತು. ಆರರಿಂದ ಎಂಟು ತಿಂಗಳ ಕೂಸುಗಳು ವ್ಯತ್ಯಾಸ ಹಿಡಿದವು. ಹತ್ತರಿಂದ ಹನ್ನೆರಡು ತಿಂಗಳ ಹೊತ್ತಿಗೆ ಆ ಶಕ್ತಿ ಬಹುಮಟ್ಟಿಗೆ ಹೋಗಿತ್ತು. ಮನೆಯಲ್ಲಿ ಕೇಳಿಬರದ ಧ್ವನಿಯನ್ನು ಮೆದುಳು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ವಯಸ್ಕರಾದ ನಮಗೆ ಪರಭಾಷೆಯ ಉಚ್ಚಾರ ಕಷ್ಟವೆನಿಸುವುದರ ಮೂಲ ಇಲ್ಲಿದೆ. ತೊಂದರೆ ನಾಲಿಗೆಗಿಂತ ಮೊದಲು ಕಿವಿಯಲ್ಲಿ ಆರಂಭವಾಗುತ್ತದೆ.

2003ರಲ್ಲಿ ಅಮೆರಿಕದ ಸಂಶೋಧಕಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ಇನ್ನೊಂದು ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳೊಡನೆ ಚೀನೀ ಭಾಷೆಯವರು ಹನ್ನೆರಡು ಸಲ ಕೂತು ಆಟವಾಡಿದರು, ಕಥೆ ಓದಿದರು. ಆ ಕೂಸುಗಳು ಚೀನೀ ಧ್ವನಿಗಳನ್ನು ಗುರುತಿಸಲು ಕಲಿತವು. ಅದೇ ಜನ, ಅದೇ ಮಾತು, ಅಷ್ಟೇ ಸಲ ಟಿ.ವಿ. ಪರದೆಯ ಮೇಲೆ ಬಂದಾಗ ಮಕ್ಕಳು ಏನೂ ಕಲಿಯಲಿಲ್ಲ! ಹಾಗಾದರೆ ಪರದೆಯೇ ದೋಷಿಯೇ? 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಸಂಶಯವನ್ನು ನಿವಾರಿಸಿತು. ಎರಡು ಎರಡೂವರೆ ವರ್ಷದ ಮಕ್ಕಳು ಮೊದಲೇ ಚಿತ್ರೀಕರಿಸಿದ ಪಾಠದಿಂದ ಹೊಸ ಪದ ಕಲಿಯಲಿಲ್ಲ, ಆದರೆ ಪರದೆಯ ಮೇಲೆಯೇ ತಮ್ಮೊಡನೆ ನೇರವಾಗಿ ಮಾತನಾಡಿದವರಿಂದ ಕಲಿತರು. ನಾವು ಏನೋ ಅಂದಾಗ ಎದುರಿನವರು ಅದಕ್ಕೆ ತಕ್ಕಂತೆ ನಗುವುದು, ತಿದ್ದುವುದು, ಮರುಪ್ರಶ್ನೆ ಹಾಕುವುದು ಮುಖ್ಯ. ಅವರು ಒಂದೇ ಕೋಣೆಯಲ್ಲಿರಬೇಕೆಂದಿಲ್ಲ, ಹ್ಯಾಂಬರ್ಗಿನಲ್ಲಿದ್ದರೂ ಸಾಕು.

ಇವು ಮಕ್ಕಳ ಮೇಲಿನ ಅಧ್ಯಯನಗಳು, ದೊಡ್ಡವರಿಗೆ ಹಾಗೇ ಅನ್ವಯಿಸಲಾಗದು. ದೊಡ್ಡವರು ಪುಸ್ತಕ, ಧ್ವನಿಮುದ್ರಣಗಳಿಂದಲೂ ಕಲಿಯಬಲ್ಲರು. ಆದರೂ ಮಾತಿಗೆ ತಕ್ಷಣ ಪ್ರತಿಮಾತು ಸಿಗುವುದರ ಲಾಭ ಎಲ್ಲ ವಯಸ್ಸಿಗೂ ಇದೆ.

ಅಂಗಡಿ ಮುಚ್ಚಿದ ಮೇಲಿನ ಕೆಲಸ

ಈಗ ನಿದ್ದೆಯ ವಿಷಯ. ಕಲಿತ ಪದ ಮೊದಲು ಹೋಗಿ ಸೇರುವುದು ಮೆದುಳಿನ ಹಿಪೊಕ್ಯಾಂಪಸ್ ಎಂಬ ಭಾಗಕ್ಕೆ. ಇದು ದಿನಸಿ ಅಂಗಡಿಯ ಬಾಗಿಲಲ್ಲಿ ಲಾರಿಯಿಂದ ಇಳಿಸಿದ ಮೂಟೆಗಳ ರಾಶಿಯಂತೆ. ವ್ಯಾಪಾರ ನಡೆಯುತ್ತಿರುವಾಗ ಅದನ್ನು ವಿಂಗಡಿಸಲು ಪುರುಸೊತ್ತಿಲ್ಲ. ರಾತ್ರಿ ಬಾಗಿಲು ಹಾಕಿದ ಮೇಲೆ ಅಕ್ಕಿ ಅಕ್ಕಿಯ ಡಬ್ಬಕ್ಕೆ, ಬೇಳೆ ಬೇಳೆಯ ಡಬ್ಬಕ್ಕೆ ಹೋಗುತ್ತದೆ. ಗಾಢ ನಿದ್ದೆಯಲ್ಲಿ ಹಿಪೊಕ್ಯಾಂಪಸ್ ದಿನದ ಕಲಿಕೆಯನ್ನು ಮತ್ತೆ ಮತ್ತೆ ಮೆಲುಕು ಹಾಕಿ ಮೆದುಳಿನ ಹೊರಪದರಕ್ಕೆ ದಾಟಿಸುತ್ತದೆ. ಈ ಗಾಢ ನಿದ್ದೆ ಹೆಚ್ಚಾಗಿ ಬರುವುದು ಮಲಗಿದ ಮೊದಲ ಮೂರ್ನಾಲ್ಕು ತಾಸುಗಳಲ್ಲಿ, ಕನಸಿನ ನಿದ್ದೆ ಹೆಚ್ಚಾಗಿ ಬರುವುದು ಬೆಳಗಿನ ಜಾವದ ಕಡೆಗೆ. ಒಂದು ಗಂಟೆಗೆ ಮಲಗಿ ಆರಕ್ಕೆ ಎದ್ದರೆ ಈ ಎರಡನೆಯದಕ್ಕೆ ಹೆಚ್ಚಿನ ಕತ್ತರಿ ಬೀಳುತ್ತದೆ. ಮರುದಿನ ಹೊಸದನ್ನು ಗ್ರಹಿಸುವ ಶಕ್ತಿಯೂ ಕುಗ್ಗುತ್ತದೆ.

ಫ್ರಾನ್ಸಿನ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವನ್ನು ನನ್ನಲ್ಲಿಗೆ ಬರುವ ವಿದ್ಯಾರ್ಥಿಗಳಿಗೆಲ್ಲ ಹೇಳುತ್ತೇನೆ. ಸ್ವಾಹಿಲಿ ಭಾಷೆಯೇ ಗೊತ್ತಿಲ್ಲದ ಫ್ರೆಂಚರಿಗೆ ಹದಿನಾರು ಸ್ವಾಹಿಲಿ ಪದಗಳ ಅರ್ಥ ಕಲಿಸಿ, ಹನ್ನೆರಡು ಗಂಟೆಗಳ ನಂತರ ಮತ್ತೆ ಅಭ್ಯಾಸ ಮಾಡಿಸಿದರು. ಕೆಲವರು ಬೆಳಿಗ್ಗೆ ಕಲಿತು ಅದೇ ದಿನ ಸಂಜೆ ಅಭ್ಯಾಸ ಮಾಡಿದರು. ಕೆಲವರು ಸಂಜೆ ಕಲಿತು, ರಾತ್ರಿ ಮಲಗಿ, ಬೆಳಿಗ್ಗೆ ಎದ್ದು ಅಭ್ಯಾಸ ಮಾಡಿದರು. ಎರಡೂ ಗುಂಪಿಗೆ ಸಿಕ್ಕ ಅಂತರ ಒಂದೇ. ಆದರೆ ನಡುವೆ ಮಲಗಿದ್ದವರಿಗೆ ಎಲ್ಲ ಪದಗಳನ್ನು ಪೂರ್ತಿ ಕಲಿಯಲು ಬೇಕಾದದ್ದು ಸುಮಾರು ಅರ್ಧದಷ್ಟು ಪ್ರಯತ್ನ! ಆರು ತಿಂಗಳ ನಂತರ ಪರೀಕ್ಷಿಸಿದಾಗಲೂ ಅವರದೇ ಮೇಲುಗೈ.

ಇದರಿಂದ ತೆಗೆದುಕೊಳ್ಳಬೇಕಾದ ಕ್ರಮ ಬಹಳ ಸುಲಭ. ಸಂಜೆ ಜೊತೆಗಾರರೊಡನೆ ಮಾತಾಡಿ. ಹೊಸದಾಗಿ ಸಿಕ್ಕ ಎಂಟು ಹತ್ತು ಪದಗಳನ್ನು ಕೈಯಲ್ಲೇ ಬರೆದಿಡಿ. ಏಳೆಂಟು ಗಂಟೆ ಮಲಗಿ. ಬೆಳಿಗ್ಗೆ ಕಾಫಿ ಸೋಸುವಷ್ಟು ಹೊತ್ತಿನಲ್ಲಿ ಆ ಚೀಟಿಯನ್ನು ಒಮ್ಮೆ ನೋಡಿ, ಮುಚ್ಚಿ, ಬಾಯಲ್ಲಿ ಹೇಳಿ. ರಾತ್ರಿ ಎರಡು ಗಂಟೆಯವರೆಗೆ ಕೂತು ಐವತ್ತು ಪದ ಉರು ಹೊಡೆಯುವುದಕ್ಕಿಂತ ಇದರಿಂದ ಹೆಚ್ಚು ಲಾಭವಿದೆ.

ಜರ್ಮನಿಗೆ ಹೋಗುವ ದಾದಿಯರಿಗೆ ಸಾಮಾನ್ಯವಾಗಿ ಬಿ-2 ಮಟ್ಟದ ಜರ್ಮನ್ ಬೇಕಾಗುತ್ತದೆ. ಏನೂ ಬಾರದ ಸ್ಥಿತಿಯಿಂದ ಅಲ್ಲಿಗೆ ತಲುಪಲು 45 ನಿಮಿಷದ 600ರಿಂದ 800 ಪಾಠಗಳು ಬೇಕೆಂದು ಗಯಟೆ ಸಂಸ್ಥೆಯೇ ಹೇಳುತ್ತದೆ. ಇದು ಒಂದು ವರ್ಷಕ್ಕೂ ಮೀರಿ ನಡೆಯಬಹುದಾದ ಕೆಲಸ. ಒಂದು ವಾರದ ಪರೀಕ್ಷೆಗೆ ನಿದ್ದೆಗೆಟ್ಟು ಓದಿ ಪಾಸಾಗುವ ನಮ್ಮ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಏಜೆಂಟರಿಗೆ ಮುಂಗಡ ಕಟ್ಟಿ, ಮನೆಯವರು ಸಾಲ ಮಾಡಿರುವಾಗ ಹುಡುಗಿಯರಿಗೆ ಆತುರವಾಗುವುದು ಸಹಜ. ಆದರೆ ಐದು ಗಂಟೆ ಮಲಗಿ ಬೆಳಿಗ್ಗೆ ವಾರ್ಡಿನಲ್ಲಿ ಇಂಜೆಕ್ಷನ್ ಕೊಡಬೇಕಾದವಳ ಕೈಯಲ್ಲಿ ರೋಗಿಯ ಪ್ರಾಣವೂ ಇರುತ್ತದೆ. ಮನೆಯ ಹಿರಿಯರು ಇದನ್ನು ತಿಳಿದು ಸ್ವಲ್ಪ ಒತ್ತಡ ಕಡಿಮೆ ಮಾಡಬೇಕು.

ಗಡಿಯಾರದ ಲೆಕ್ಕ

ನಿದ್ದೆಗೆಡುವವರಲ್ಲಿ ಹೆಚ್ಚಿನವರು ವೇಳೆಯನ್ನು ಲೆಕ್ಕ ಹಾಕದೆ, ಜೊತೆಗಾರ ಹೇಳಿದ ಹೊತ್ತಿಗೆ ಒಪ್ಪಿಕೊಂಡವರು. ಜರ್ಮನಿ, ಫ್ರಾನ್ಸ್ ನಮಗಿಂತ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ. ಅವರು ರಾತ್ರಿ ಊಟ ಮುಗಿಸಿ ಎಂಟೂವರೆಗೆ ಕೂತರೆ ನಮಗೆ ಬೇಸಿಗೆಯಲ್ಲಿ ಹನ್ನೆರಡು, ಚಳಿಗಾಲದಲ್ಲಿ ಒಂದು. ಅದರ ಬದಲು ಅವರ ಸಂಜೆ ನಾಲ್ಕು ಗಂಟೆ ಕೇಳಿಕೊಳ್ಳಿ. ಆಗ ನಮಗೆ ರಾತ್ರಿ ಏಳೂವರೆ ಅಥವಾ ಎಂಟೂವರೆ. ಅಲ್ಲಿನವರು ಮಾರ್ಚ್ ಮತ್ತು ಅಕ್ಟೋಬರ್ ತಿಂಗಳುಗಳ ಕೊನೆಯ ಭಾನುವಾರ ಗಡಿಯಾರ ತಿರುಗಿಸುತ್ತಾರೆ ಎಂಬುದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಜಪಾನ್ ವರ್ಷವಿಡೀ ನಮಗಿಂತ ಮೂರೂವರೆ ಗಂಟೆ ಮುಂದೆ. ನಮ್ಮ ಸಂಜೆ ಐದು ಅವರ ರಾತ್ರಿ ಎಂಟೂವರೆ. ನೀವು ಕೆಲಸ ಮುಗಿಸಿ ರಾತ್ರಿ ಒಂಬತ್ತಕ್ಕೆ ಕರೆದರೆ ನಿದ್ದೆ ಕೆಡುವುದು ಅವರದು. ನ್ಯೂಯಾರ್ಕಿನವರಾದರೆ ನಮ್ಮ ಬೆಳಿಗ್ಗೆ ಆರೂವರೆ ಅವರಿಗೆ ಹಿಂದಿನ ರಾತ್ರಿ ಒಂಬತ್ತು ಅಥವಾ ಎಂಟು. ಕ್ಯಾಲಿಫೋರ್ನಿಯಾದವರಿಗೆ ಸಂಜೆ ಆರು ಅಥವಾ ಐದು. ಅಮೆರಿಕದ ಜೊತೆ ಮಾತಿಗೆ ಬೆಳಗಿನ ಹೊತ್ತೇ ಸರಿ.

ಮಲಗುವ ಒಂದು ಗಂಟೆ ಮೊದಲು ಮಾತು ಮುಗಿದಿರಬೇಕು. ಪರದೆಯ ಬೆಳಕು ನಿದ್ದೆ ತರುವ ಮೆಲಟೋನಿನ್ ಹಾರ್ಮೋನನ್ನು ತಗ್ಗಿಸುತ್ತದೆ ಎಂದು ಎಲ್ಲರೂ ಕೇಳಿದ್ದೀರಿ. ನನ್ನ ಅನುಭವದಲ್ಲಿ ಬೆಳಕಿಗಿಂತ ಹೆಚ್ಚು ನಿದ್ದೆ ಕೆಡಿಸುವುದು ಮಾತಿನ ಉತ್ಸಾಹ. 'ಆ ವಾಕ್ಯ ತಪ್ಪಾಯಿತೇನೋ' ಎಂದು ಹಾಸಿಗೆಯಲ್ಲಿ ಹೊರಳಾಡುವವರಿದ್ದಾರೆ. ಎಚ್ಚರವಿರಲೆಂದು ಏಳು ಗಂಟೆಗೆ ಕುಡಿದ ಸ್ಟ್ರಾಂಗ್ ಕಾಫಿಯ ಕೆಫೀನ್ ನಡುರಾತ್ರಿಯ ಹೊತ್ತಿಗೂ ಅರ್ಧದಷ್ಟು ರಕ್ತದಲ್ಲಿ ಉಳಿದಿರುತ್ತದೆ.

ಕೊಡಲು ನಮ್ಮಲ್ಲೇನಿದೆ?

"ನನ್ನ ಇಂಗ್ಲಿಷೇ ಸರಿಯಿಲ್ಲ, ಅವರಿಗೆ ನಾನೇನು ಕಲಿಸಲಿ?" ಎಂಬ ಸಂಕೋಚ ಕನ್ನಡ ಮಾಧ್ಯಮದಲ್ಲಿ ಓದಿದವರಲ್ಲಿ ವಿಶೇಷವಾಗಿ ಕಾಣುತ್ತದೆ. ಇದು ಬರಿಯ ಸಂಕೋಚವಾಗಿ ಉಳಿಯದೆ, ಕರೆಯ ಸಮಯ ಹತ್ತಿರವಾದಂತೆ ಎದೆ ಡವಗುಟ್ಟುವುದು, ಅಂಗೈ ಬೆವರುವುದು, ಹೊಟ್ಟೆ ಕಿವುಚಿದಂತಾಗುವುದು ಮುಂತಾದ ತೊಂದರೆಗಳಿಗೂ ದಾರಿ ಮಾಡಬಹುದು. ಇ.ಸಿ.ಜಿ. ಮಾಡಿಸಿದರೆ ಎಲ್ಲ ಸರಿಯಾಗಿರುತ್ತದೆ.

ಕೊಡಲು ನಿಮ್ಮ ಬಳಿ ಕನ್ನಡವಿದೆ. ಬೆಂಗಳೂರಿಗೆ ಕೆಲಸಕ್ಕೆ ಬರಲಿರುವವರು, ಇಲ್ಲಿನವರನ್ನು ಮದುವೆಯಾದವರು, ಭಾಷೆಗಳ ಅಭ್ಯಾಸಿಗಳು ಕನ್ನಡ ಕಲಿಯಲು ಜನ ಹುಡುಕುತ್ತಿರುತ್ತಾರೆ. ಅಂಥವರು ಸಿಕ್ಕರೆ ಇಬ್ಬರ ಮಟ್ಟವೂ ಒಂದೇ ಆಗುತ್ತದೆ. ನಿಮ್ಮ ಜರ್ಮನ್ ಎಡವಿದಾಗ ನಾಚಿಕೆಪಡುವ ನೀವು, ಮುಂದಿನ ಅರ್ಧ ಗಂಟೆಯಲ್ಲಿ ಅವರು 'ನಮ್ಮ ಹಳ್ಳಿ' ಎನ್ನಲು ಹೋಗಿ 'ನಮ್ಮ ಹಲ್ಲಿ' ಎಂದಾಗ ನಗುತ್ತೀರಿ. 'ಕಾಳು' ಅವರ ಬಾಯಲ್ಲಿ 'ಕಾಲು' ಆಗುತ್ತದೆ. ಆ ನಗುವಿನೊಂದಿಗೆ ನಿಮ್ಮ ಎದೆಬಡಿತವೂ ಇಳಿಯುತ್ತದೆ. ಭಯ ಹೋಗಲು ನಾನು ಮಾತ್ರೆ ಬರೆದುಕೊಡುವುದಕ್ಕಿಂತ ಇದು ಒಳ್ಳೆಯದು.

ಕನ್ನಡಿಗರಿಗೆ ಕೆಲವು ಅನುಕೂಲಗಳೂ ಇವೆ. ಜಪಾನೀ ಭಾಷೆಯಲ್ಲಿ 'ಒಬಸಾನ್' ಎಂದರೆ ಅತ್ತೆ, ಚಿಕ್ಕಮ್ಮ; 'ಒಬಾಸಾನ್' ಎಂದು ಎಳೆದರೆ ಅಜ್ಜಿ. ಹ್ರಸ್ವ ದೀರ್ಘಗಳ ಈ ವ್ಯತ್ಯಾಸ ಇಂಗ್ಲಿಷಿನವರಿಗೆ ತಲೆನೋವು, ನಮಗೆ ಕಾಗುಣಿತ ಕಲಿತಾಗಲೇ ಬಂದದ್ದು. ಕ್ರಿಯಾಪದವನ್ನು ವಾಕ್ಯದ ಕೊನೆಗೆ ಇಡುವ ಅಭ್ಯಾಸವೂ ಅವರಿಗೆ ನಮಗೆ ಒಂದೇ.

ಆದರೆ ಇಷ್ಟೆಲ್ಲ ಆದರೂ ಮಾತಿನ ಭಯ ಕಡಿಮೆಯಾಗದೆ, ಊಟ ನಿದ್ದೆ ಬಿಟ್ಟು ಕೊರಗುವ ಸ್ಥಿತಿ ಎರಡು ವಾರ ಮೀರಿದರೆ ವೈದ್ಯರನ್ನು ಕಾಣಬೇಕು. 14416 ಸಂಖ್ಯೆಯ ಟೆಲಿಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ, ಹಣವಿಲ್ಲದೆ ಸಲಹೆ ಸಿಗುತ್ತದೆ.

ಗಂಟಲು ಮತ್ತು ಕಿವಿ

ಜರ್ಮನ್, ಫ್ರೆಂಚ್ ಭಾಷೆಗಳ 'ರ' ಕಿರುನಾಲಿಗೆಯ ಬಳಿ ಹುಟ್ಟುತ್ತದೆ. ಹೊಸಬರು ಅದನ್ನು ಕ್ಯಾಕರಿಸಿದಂತೆ ಬಲವಂತವಾಗಿ ಹೊರಡಿಸಿ ಗಂಟಲು ನೋಯಿಸಿಕೊಳ್ಳುತ್ತಾರೆ. ಬಾಯಿಗೆ ನೀರು ಹಾಕಿ ಮುಕ್ಕಳಿಸುವಾಗ ಆಗುವ ಅದುರುವಿಕೆಯನ್ನು ನೆನೆದು ಮೆಲ್ಲಗೆ ಅಭ್ಯಾಸ ಮಾಡಿ. ಜರ್ಮನಿನ ಇನ್ನೊಂದು ಸ್ವರಕ್ಕೆ ನಾಲಿಗೆಯನ್ನು 'ಈ' ಎನ್ನುವಂತೆ ಇಟ್ಟು ತುಟಿಯನ್ನು 'ಊ' ಎನ್ನುವಂತೆ ಮುಂದೆ ಮಾಡಬೇಕು. ಕನ್ನಡಿಯ ಮುಂದೆ ಎರಡು ನಿಮಿಷ ಸಾಕು. ನಡುನಡುವೆ ನೀರು ಕುಡಿಯಿರಿ, ಪದೇ ಪದೇ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವ ಚಟ ಬೇಡ. ಧ್ವನಿ ಒಡೆದದ್ದು ಮೂರು ವಾರವಾದರೂ ಸರಿಹೋಗದಿದ್ದರೆ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಬೇಕು. ಬೀಡಿ ಸಿಗರೇಟು ಸೇದುವವರು ಇದನ್ನು ಉದಾಸೀನ ಮಾಡಲೇಬಾರದು.

ಮಾಗಡಿ ರಸ್ತೆಯ ಬಸ್ಸಿನಲ್ಲಿ ಕೂತು ಇಯರ್‌ಫೋನಿನಲ್ಲಿ ಪಾಠ ಕೇಳುವವರು ಹೊರಗಿನ ಹಾರನ್ನಿನ ಜೊತೆ ಪೈಪೋಟಿಗೆ ಶಬ್ದ ಹೆಚ್ಚಿಸುತ್ತ ಹೋಗುತ್ತಾರೆ. ವಯಸ್ಕರಿಗೆ 80 ಡೆಸಿಬೆಲ್ ಶಬ್ದ ವಾರಕ್ಕೆ 40 ಗಂಟೆ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಶಬ್ದ ಜೋರಾದಷ್ಟೂ ಈ ಅವಧಿ ಬೇಗ ಇಳಿಯುತ್ತದೆ. ಫೋನಿನ ಶಬ್ದವನ್ನು ನೂರಕ್ಕೆ ಅರವತ್ತರ ಆಚೆ ಒಯ್ಯಬೇಡಿ.

ಅಜ್ಜ ಅಜ್ಜಿಯರ ಪಾಠ

ಈ ಕೊಡುಕೊಳ್ಳುವಿಕೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಜೋಡಿ ಬಸವೇಶ್ವರನಗರದ ಅಜ್ಜಿ ಮತ್ತು ಅಮೆರಿಕದ ಮೊಮ್ಮಗ. ಇಂಥ ಮನೆಗಳು ನಮ್ಮ ಕಡೆ ಬೀದಿಗೆ ನಾಲ್ಕು. ಅಲ್ಲಿನ ಕನ್ನಡ ಕೂಟಗಳು ವಾರದ ಕೊನೆಯಲ್ಲಿ ಕನ್ನಡ ತರಗತಿ ನಡೆಸಿದರೂ ಮಗುವಿಗೆ ಮಾತನಾಡಲು ಮನೆಯ ಹೊರಗೆ ಕನ್ನಡದವರಿಲ್ಲ. ಅಜ್ಜಿಗೆ ಅವನ ಇಂಗ್ಲಿಷ್ ಅರ್ಥವಾಗುವುದಿಲ್ಲ. "ಊಟ ಆಯ್ತಾ ಪುಟ್ಟ? ಸ್ಕೂಲ್ ಹೇಗಿದೆ?" ಎಂಬಲ್ಲಿಗೆ ಮಾತು ಮುಗಿದು ಫೋನು ಮಗನ ಕೈಗೆ ಹೋಗುತ್ತದೆ. ಅದರ ಬದಲು ಫೋನನ್ನು ಅಡಿಗೆಮನೆಗೆ ಒಯ್ಯಿರಿ. ಲಟ್ಟಣಿಗೆ, ಈಳಿಗೆಮಣೆ, ಒಗ್ಗರಣೆ ಸೌಟು ತೋರಿಸಿ ಹೆಸರು ಹೇಳಿಸಿ. ಆಮೇಲೆ ಅವನು ತನ್ನ ಆಟದ ಸಾಮಾನು ತೋರಿಸಿ ಇಂಗ್ಲಿಷ್ ಕಲಿಸಲಿ. ಅಜ್ಜಿ ತಪ್ಪಿದರೆ ತಿದ್ದುವ ಅಧಿಕಾರ ಸಿಕ್ಕಿದ ಮಗು ಫೋನು ಬಿಡುವುದಿಲ್ಲ.

ಎರಡು ಭಾಷೆ ಬಳಸುವವರ ಮೆದುಳಿನ ಬಗ್ಗೆ ಮಹತ್ವದ ಅಧ್ಯಯನ ನಡೆದದ್ದು ನಮ್ಮ ನೆರೆಯ ಹೈದರಾಬಾದಿನಲ್ಲಿ. ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಮರೆವಿನ ಕಾಯಿಲೆಯ 648 ರೋಗಿಗಳನ್ನು ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದೇ ಭಾಷೆಯವರಿಗಿಂತ ಎರಡು ಭಾಷೆ ಬಳಸುವವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದು ಬರಹ ಬಾರದವರಲ್ಲೂ ಈ ಲಾಭ ಕಂಡಿತು. ಆದರೆ ಮೂರು ನಾಲ್ಕು ಭಾಷೆ ಬಲ್ಲವರಿಗೆ ಎರಡು ಬಲ್ಲವರಿಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಅದೇ ತಂಡದ ಇನ್ನೊಂದು ಅಧ್ಯಯನದಲ್ಲಿ ಪಾರ್ಶ್ವವಾಯುವಿನ ನಂತರವೂ ಬುದ್ಧಿಶಕ್ತಿ ಸರಿಯಾಗಿ ಉಳಿದವರು ಒಂದೇ ಭಾಷೆಯವರಲ್ಲಿ ನೂರಕ್ಕೆ ಇಪ್ಪತ್ತರಷ್ಟು, ಎರಡು ಭಾಷೆಯವರಲ್ಲಿ ನಲವತ್ತರಷ್ಟು. ಡಾ. ಅಲ್ಲಾಡಿ ಅವರು ನಂತರ ನಮ್ಮ ನಿಮ್ಹಾನ್ಸ್ ಸೇರಿದರು. ಇವು ಬದುಕಿನುದ್ದಕ್ಕೂ ಎರಡು ಭಾಷೆ ಬಳಸಿದವರ ವಿಷಯ. ಅರವತ್ತರಲ್ಲಿ ಫ್ರೆಂಚ್ ಕಲಿತರೆ ಮರೆವು ಬರುವುದಿಲ್ಲವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಕಲಿತರೆ ನಷ್ಟವಂತೂ ಇಲ್ಲ.

ಹಿರಿಯರು ಕರೆಯಿಂದ ದೂರ ಸರಿಯುವುದಕ್ಕೆ ಕಿವಿ ಮಂದವಾಗಿರುವುದೂ ಕಾರಣವಿರಬಹುದು. ಮರೆವಿನ ಕಾಯಿಲೆಗೆ ದಾರಿಮಾಡುವ, ಆದರೆ ತಡೆಯಬಹುದಾದ 14 ಅಂಶಗಳನ್ನು 2024ರ ಲ್ಯಾನ್ಸೆಟ್ ಆಯೋಗದ ವರದಿ ಪಟ್ಟಿ ಮಾಡಿದೆ. ಅದರಲ್ಲಿ ಕಿವುಡುತನವೂ ಇದೆ, ಜನಸಂಪರ್ಕವಿಲ್ಲದ ಒಂಟಿತನವೂ ಇದೆ. ಶ್ರವಣ ಪರೀಕ್ಷೆ ಮಾಡಿಸಿ.

ಇನ್ನೊಂದು ಮಾತು ಬಹಳ ಮುಖ್ಯ. ದಿನವೂ ಚೆನ್ನಾಗಿ ಮಾತನಾಡುತ್ತಿದ್ದ ಹಿರಿಯರ ಮಾತು ಇದ್ದಕ್ಕಿದ್ದಂತೆ ತೊದಲಿದರೆ, ಪದಗಳು ಅದಲುಬದಲಾದರೆ, ಬಾಯಿ ಒಂದು ಕಡೆ ವಾಲಿದರೆ, ಅದು ಭಾಷೆಯ ಗೊಂದಲವಲ್ಲ. ಪಾರ್ಶ್ವವಾಯು ಇರಬಹುದು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದು ಕೊಡಲು ಸಾಮಾನ್ಯವಾಗಿ ಇರುವ ಅವಧಿ ಮೊದಲ ನಾಲ್ಕೂವರೆ ಗಂಟೆ ಮಾತ್ರ, ಬೇಗ ಕೊಟ್ಟಷ್ಟೂ ಫಲ ಹೆಚ್ಚು. ಇದನ್ನು ಮೊದಲು ಗಮನಿಸುವವರು ದೂರದೇಶದಲ್ಲಿ ಪರದೆಯ ಮೇಲೆ ಮುಖ ನೋಡುತ್ತಿರುವ ಮಕ್ಕಳೇ ಆಗಬಹುದು. ಅವರ ಬಳಿ ನೆರೆಮನೆಯವರ ಫೋನ್ ನಂಬರು ಇರಲಿ. ನೆರೆಯವರು 108ಕ್ಕೆ ಕರೆ ಮಾಡಲಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಒಯ್ಯಲಿ.

ಓದುಗರ ಪ್ರಶ್ನೆಗಳು

ಎರಡು ಮೂರು ಭಾಷೆ ಕೇಳಿಸಿದರೆ ಮಗುವಿನ ಮಾತು ತಡವಾಗುತ್ತದೆಯೇ?

ಇಲ್ಲ. ಎರಡು ಭಾಷೆಯ ಪದಗಳನ್ನು ಬೆರೆಸಿ ಆಡುವುದು ಸಹಜ. ಎರಡು ವರ್ಷವಾದರೂ ಎರಡು ಪದ ಜೋಡಿಸಿ ಆಡದಿದ್ದರೆ ಭಾಷೆಯನ್ನು ದೂರದೆ ಕಿವಿಯ ಪರೀಕ್ಷೆ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆ ಒಳ್ಳೆಯ ವ್ಯವಸ್ಥೆಯಿದೆ.

ಮಗಳು ಗುರುತಿಲ್ಲದ ವಿದೇಶಿಯನೊಡನೆ ಮಾತನಾಡುತ್ತಾಳೆ. ಭಯವಾಗುತ್ತದೆ.

ಹದಿನೆಂಟು ತುಂಬದವರು ಹಾಲಿನಲ್ಲಿ ಕೂತೇ ಮಾತನಾಡಲಿ. ತರಗತಿ ನಡೆಸುವ ಸಂಸ್ಥೆಯ ಮೂಲಕ ಸಿಕ್ಕ ಜೊತೆಗಾರರು ಮೇಲು. ಹಣ, ಫೋಟೊ, ಪಾಸ್‌ಪೋರ್ಟ್ ವಿವರ ಕೇಳಿದ ದಿನವೇ ಸಂಪರ್ಕ ಕಡಿಯಬೇಕು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ದೂರು ಕೊಡಿ. ಮಗಳನ್ನು ಬೈದರೆ ಮುಂದಿನ ಸಲ ಅವಳು ನಿಮಗೆ ಹೇಳುವುದಿಲ್ಲ.

ಪಾಠವನ್ನು ಕಿವಿಗೆ ಹಾಕಿಕೊಂಡು ಮಲಗಿದರೆ ಭಾಷೆ ಬರುತ್ತದೆಯೇ?

ಸ್ವಿಟ್ಜರ್ಲೆಂಡಿನ ಸಂಶೋಧಕರು ಜರ್ಮನ್ ಭಾಷಿಕರಿಗೆ ಡಚ್ ಪದಗಳನ್ನು ಕಲಿಸಿ, ಮಲಗಿದ ಮೇಲೆ ಮೆಲುದನಿಯಲ್ಲಿ ಅವನ್ನೇ ಕೇಳಿಸಿದಾಗ ನೆನಪು ಸ್ವಲ್ಪ ಹೆಚ್ಚಿದ್ದು ನಿಜ. ಆದರೆ ಎಚ್ಚರವಿದ್ದಾಗ ಕಲಿತ ಪದಗಳು ಅವು. ಪ್ರಯೋಗಾಲಯದಲ್ಲಿ ನಿದ್ದೆಯ ಆಳ ನೋಡಿ ಕೇಳಿಸುತ್ತಾರೆ. ಮನೆಯಲ್ಲಿ ಅದು ನಿದ್ದೆ ಕೆಡಿಸಬಹುದು. ಬೇಡ.

ಮಗ ಅಮೆರಿಕದಿಂದ ಮೆಲಟೋನಿನ್ ಚೂಯಿಂಗ್ ಮಾತ್ರೆ ತಂದಿದ್ದಾನೆ. ರಾತ್ರಿ ಕರೆ ಮುಗಿದ ಮೇಲೆ ತೆಗೆದುಕೊಳ್ಳಬಹುದೇ?

ಅಲ್ಲಿ ಅದು ಚೀಟಿಯಿಲ್ಲದೆ ಸಿಗುವ ವಸ್ತು. 2023ರಲ್ಲಿ ಅಂಥ 25 ಬಗೆಗಳನ್ನು ಪರೀಕ್ಷಿಸಿದಾಗ 22ರಲ್ಲಿ ಡಬ್ಬಿಯ ಮೇಲೆ ಬರೆದ ಪ್ರಮಾಣಕ್ಕೂ ಒಳಗಿದ್ದ ಪ್ರಮಾಣಕ್ಕೂ ತಾಳೆಯಾಗಲಿಲ್ಲ. ವೈದ್ಯರನ್ನು ಕೇಳದೆ ಬೇಡ, ಮಕ್ಕಳ ಕೈಗೆ ಸಿಗುವಂತೆಯೂ ಇಡಬೇಡಿ. ಕರೆಯನ್ನು ಎರಡು ಗಂಟೆ ಹಿಂದಕ್ಕೆ ತನ್ನಿ.

ನಾನು ದಾದಿ. ತಿಂಗಳಲ್ಲಿ ಹತ್ತು ದಿನ ರಾತ್ರಿಪಾಳಿ. ಜರ್ಮನ್ ಜೊತೆಗಾತಿಯೊಡನೆ ಯಾವಾಗ ಮಾತಾಡಲಿ?

ಪಾಳಿ ಮುಗಿಸಿ ಬಂದ ಕೂಡಲೇ ಬೇಡ. ತಿಂಡಿ ತಿಂದು, ಕಿಟಕಿಗೆ ದಪ್ಪ ಪರದೆ ಎಳೆದು, ಒಂಬತ್ತರ ಸುಮಾರಿಗೆ ಮಲಗಿ. ಸಂಜೆ ನಾಲ್ಕಕ್ಕೆ ಎದ್ದು ಮುಖ ತೊಳೆದು, ನಾಲ್ಕೂವರೆಗೆ ಮಾತಾಡಿ. ಆಗ ಅಲ್ಲಿ ಬೇಸಿಗೆಯಲ್ಲಿ ಮಧ್ಯಾಹ್ನ ಒಂದು ಗಂಟೆ, ಚಳಿಗಾಲದಲ್ಲಿ ಹನ್ನೆರಡು. ಆಕೆಯ ಊಟದ ಬಿಡುವಿಗೆ ಹೊಂದುತ್ತದೆಯೇ ಕೇಳಿ ನೋಡಿ. ಹೊಂದದಿದ್ದರೆ ಆ ಹತ್ತು ದಿನ ಕರೆ ನಿಲ್ಲಿಸಿ, ಪತ್ರ ಬರೆಯಿರಿ. ಆಕೆ ತಿದ್ದಿ ಕಳುಹಿಸಲಿ.